ಯೋಗಕ್ಷೇಮಕ್ಕೆ 3,420 ಡಾಲರ್

2023ರ ಆಯುಧಪೂಜೆಯ ವಾರ. ಅಮೆರಿಕದ ಟ್ರಾಯ್ ಊರಿನ ಭಾರತೀಯ ಟೆಂಪಲ್‌ನಲ್ಲಿ ಕಾರಿಗೆ ಪೂಜೆ ಮಾಡಿಸಿ, ನಾಲ್ಕು ಚಕ್ರದಡಿಗೂ ನಿಂಬೆಹಣ್ಣು ಇಟ್ಟು ಹತ್ತಿಸಿ, ಬಾನೆಟ್ ಮೇಲಿನ ಅರಿಶಿನ ಕುಂಕುಮ ಹಾರಿಹೋಗದಿರಲೆಂದು ನಿಧಾನವಾಗಿ ಓಡಿಸಿಕೊಂಡು ಡಿಯರ್‌ಬಾರ್ನಿಗೆ ಬಂದರೆ ಟಪಾಲು ಡಬ್ಬಿಯಲ್ಲಿ ಗುಲಾಬಿ ಬಣ್ಣದ ಕಾರ್ಡೊಂದು ಕಾದಿತ್ತು. ಮೇಲೆ ದಪ್ಪಕ್ಷರದಲ್ಲಿ ‘ಕೊನೆಯ ಸೂಚನೆ’. ಮೊದಲನೆಯದು ಯಾವತ್ತು ಬಂದಿತ್ತೋ ದೇವರೇ ಬಲ್ಲ. ನಿಮ್ಮ ವಾಹನದ ವಾರಂಟಿ ಮುಗಿದಿರಬಹುದು, ರಿಪೇರಿ ಖರ್ಚೆಲ್ಲ ಇನ್ನು ನಿಮ್ಮ ತಲೆಯ ಮೇಲೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ. ಸರ್ಕಾರಿ ಕಾಗದದ ಹಾಗೆ ಕಾಣಲೆಂದು ಮೂಲೆಯಲ್ಲಿ ರೆಕ್ಕೆ ಬಿಚ್ಚಿದ ಹದ್ದು ಬೇರೆ.

ಕಾರ್ಡು ಸುಳ್ಳೇನೂ ಹೇಳಿರಲಿಲ್ಲ. ನಮ್ಮ ಕಾರು ಆಗ 78,000 ಮೈಲಿ ಓಡಿತ್ತು. ಎಂಜಿನ್ನು, ಗೇರ್‌ಬಾಕ್ಸಿನ ಮೇಲಿದ್ದ ಕಾರ್ಖಾನೆಯ ವಾರಂಟಿ 60,000ಕ್ಕೇ ತೀರಿಹೋಗಿತ್ತು.

“ರೀ, ತಗೊಂಡುಬಿಡೋಣ,” ಅಂದಳು ಹೆಂಡತಿ. ಅವಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿ. ಜನವರಿಯಲ್ಲಿ ಬೆಳಗಿನ ಜಾವ ಸೌತ್‌ಫೀಲ್ಡ್ ಫ್ರೀವೇಯಲ್ಲಿ ಒಬ್ಬಳೇ ಬರುತ್ತಾಳೆ.

ನಾನು ನಕ್ಕೆ, ನಗಬಾರದಿತ್ತು. ನನ್ನ ಹೊಟ್ಟೆಪಾಡೇ ವಾರಂಟಿ. ಕಾರು ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಕಡೆ ಹತ್ತೊಂಬತ್ತು ವರ್ಷದಿಂದ ಕೆಟ್ಟುಬಂದ ಪಂಪು, ಮೋಟಾರು, ಸೆನ್ಸರುಗಳನ್ನು ಬಿಚ್ಚಿ ಏಕೆ ಕೆಟ್ಟವು ಅಂತ ಬರೆಯುವುದು ನನ್ನ ಕೆಲಸ. ವೈಬುಲ್ ಅನ್ನುವ ಸ್ವೀಡನ್ನಿನ ಎಂಜಿನಿಯರ್ 1951ರಲ್ಲಿ ಪ್ರಕಟಿಸಿದ ಲೆಕ್ಕವೇ ನಮಗೆ ಪಂಚಾಂಗ. ಯಂತ್ರಕ್ಕೂ ಮೂರು ಪ್ರಾಯ. ಹುಟ್ಟಿದ ಹೊಸದರಲ್ಲಿ ಒಂದಷ್ಟು ಸಾಯುತ್ತವೆ. ನಮ್ಮೂರಲ್ಲಾಗಿದ್ದರೆ ಬಾಲಗ್ರಹ ಅನ್ನುತ್ತಿದ್ದರು. ಆಮೇಲೆ ಬಹಳ ಕಾಲ ನೆಮ್ಮದಿ. ಕೊನೆಗೆ ಸವೆತ, ಒಂದಾದ ಮೇಲೊಂದು. ಗೆರೆ ಎಳೆದರೆ ಸ್ನಾನದ ತೊಟ್ಟಿಯ ಆಕಾರ ಬರುತ್ತದೆ. ಕಾರ್ಖಾನೆಯವರು ಬಾಲಗ್ರಹ ಮತ್ತು ನೆಮ್ಮದಿಯ ಕಾಲಕ್ಕೆ ಮಾತು ಕೊಡುತ್ತಾರೆ. ಗುಲಾಬಿ ಕಾರ್ಡಿನವರು ಬರುವುದು ತೊಟ್ಟಿಯ ಆ ಕಡೆಯ ಅಂಚು ಏರುವ ಹೊತ್ತಿಗೆ.

“ನಮ್ಮ ಮಾಡೆಲ್ಲಿಗೆ ಮುಂದಿನ ಮೂರು ವರ್ಷದಲ್ಲಿ ದೊಡ್ಡ ರಿಪೇರಿ ಬರುವ ಸಂಭವ ಎಷ್ಟು ಅಂತ ಹೇಳ್ತೀನಿ, ತಾಳು,” ಅಂದೆ.

“ಎಷ್ಟು ಕಾರಿನ ಲೆಕ್ಕ ಅದು?”

“ಹತ್ತು ಸಾವಿರದ್ದು.”

“ನಮ್ಮ ಹತ್ರ ಇರೋದು ಒಂದು.”

ಹತ್ತೊಂಬತ್ತು ವರ್ಷದಲ್ಲಿ ಆಫೀಸಿನ ಯಾವ ಮೀಟಿಂಗಿನಲ್ಲೂ ನನಗೆ ಇಂಥ ಪ್ರಶ್ನೆ ಎದುರಾಗಿರಲಿಲ್ಲ. ಹತ್ತು ಸಾವಿರದಲ್ಲಿ ಸಾವಿರ ಕೆಡುತ್ತವೆ ಅಂತ ನಾನು ಕಣ್ಣುಮುಚ್ಚಿ ಹೇಳಬಲ್ಲೆ. ನಮ್ಮದು ಆ ಸಾವಿರದಲ್ಲಿ ಒಂದೋ, ಉಳಿದ ಒಂಬತ್ತು ಸಾವಿರದಲ್ಲಿ ಒಂದೋ? ಅಲ್ಲಿಗೆ ನನ್ನ ವಿದ್ಯೆ ಮುಗಿಯುತ್ತದೆ. ಒಂದು ಕಾರು ನೂರಕ್ಕೆ ಹತ್ತರಷ್ಟು ಕೆಡುವುದಿಲ್ಲ.

ಈ ಮಾತನ್ನು ಬೇರೆ ಥರದಲ್ಲಿ ಕೇಳಿಕೊಂಡೇ ಬೆಳೆದವನು ನಾನು. ನನ್ನಪ್ಪ ಪಾಂಡವಪುರದಲ್ಲಿ ಎಲ್‌ಐಸಿ ಏಜೆಂಟ್. ಕಬ್ಬಿನ ಬಿಲ್ಲು ಆಗುವ ತಿಂಗಳು ನೋಡಿಕೊಂಡು ಬಜಾಜ್ ಸ್ಕೂಟರಿನಲ್ಲಿ ಹಳ್ಳಿ ಸುತ್ತುತ್ತಿದ್ದರು. ರಜೆಯಲ್ಲಿ ನಾನು ಹಿಂದಿನ ಸೀಟಿನಲ್ಲಿ ರೆಕ್ಸಿನ್ ಬ್ಯಾಗು ಹಿಡಿದು ಕೂರುತ್ತಿದ್ದೆ. ಜಗುಲಿ ಮೇಲೆ ಕೂತ ಗೌಡರದು ಒಂದೇ ಮಾತು: “ಬುಡಿ ಸ್ವಾಮಿ, ಎಲ್ಲ ದೇವ್ರ ಮ್ಯಾಲೆ ಬಾರ ಹಾಕಿವ್ನಿ.” ಅಪ್ಪ ಬ್ಯಾಗಿನಿಂದ ಕ್ಯಾಲೆಂಡರ್ ತೆಗೆದು ಬಿಚ್ಚುತ್ತಿದ್ದರು. ದೀಪಕ್ಕೆ ಗಾಳಿ ತಾಗದ ಹಾಗೆ ಮರೆ ಹಿಡಿದ ಎರಡು ಕೈ, ಕೆಳಗೆ ಸಂಸ್ಕೃತದ ಮಾತು. “ನೋಡಿ ಗೌಡ್ರೇ, ನಿಮ್ಮ ಯೋಗಕ್ಷೇಮ ನಾನು ಹೊರ್ತೀನಿ ಅಂತ ಆ ದೇವರೇ ಹೇಳಿದ್ದು. ಸರ್ಕಾರ ಅದನ್ನ ಅಚ್ಚು ಹಾಕಿಸಿದೆ.” ಅರ್ಧ ಜನ ಅಲ್ಲಿಗೆ ಸಹಿ ಹಾಕುತ್ತಿದ್ದರು.

1956ರಲ್ಲಿ ಹುಟ್ಟಿದ ನಿಗಮ ತನ್ನ ಧ್ಯೇಯವಾಕ್ಯವನ್ನು ಆಯ್ದುಕೊಂಡದ್ದು ಗೀತೆಯ ಒಂಬತ್ತನೆಯ ಅಧ್ಯಾಯದಿಂದ. ಮುಂಬೈಯಲ್ಲಿರುವ ಅದರ ಕೇಂದ್ರ ಕಚೇರಿಯ ಹೆಸರೂ ‘ಯೋಗಕ್ಷೇಮ’. ಇಲ್ಲದ್ದು ದೊರೆಯುವುದು ಯೋಗ, ಇದ್ದದ್ದು ಉಳಿಯುವುದು ಕ್ಷೇಮ ಅಂತ ಶಂಕರಾಚಾರ್ಯರ ಭಾಷ್ಯ. ನಾವು ಫೋನಿನಲ್ಲಿ ಯೋಗಕ್ಷೇಮ ವಿಚಾರಿಸುವಾಗ ಇಷ್ಟೆಲ್ಲ ಯೋಚಿಸುವುದಿಲ್ಲ. ಆ ವಾಕ್ಯದಲ್ಲಿ ‘ಹೊರು’ ಎಂಬ ಅರ್ಥ ಕೊಡುವ ಧಾತು ಇದೆಯಲ್ಲ, ‘ವಾಹನ’ ಹುಟ್ಟಿದ್ದೂ ಅದರಿಂದಲೇ. ನಮ್ಮನ್ನು ಹೊರುವ ವಾಹನವನ್ನು ಯಾರು ಹೊರಬೇಕು ಅನ್ನುವುದೇ ಗುಲಾಬಿ ಕಾರ್ಡು ಎತ್ತಿದ ಪ್ರಶ್ನೆ, ಅದು ಅವರಿಗೆ ಗೊತ್ತಿಲ್ಲದಿದ್ದರೂ.

ಅಪ್ಪನಿಗೆ ಮೇಲುಕೋಟೆಯಲ್ಲಿ ಒಬ್ಬ ಸ್ನೇಹಿತರಿದ್ದರು, ಸಂಸ್ಕೃತದ ಮೇಷ್ಟ್ರು. ಅವರಿಗೆ ಪಾಲಿಸಿ ಮಾಡಿಸಲು ಅಪ್ಪ ಎಂಟು ವರ್ಷ ಹೆಣಗಿದರು, ಆಗಲಿಲ್ಲ. ಪುಳಿಯೋಗರೆ ಮಾತ್ರ ಪ್ರತಿ ಸಲ ಸಿಕ್ಕಿತು. ಒಮ್ಮೆ ಮೇಷ್ಟ್ರು ಕ್ಯಾಲೆಂಡರ್ ನೋಡಿ ಹೇಳಿದರು: “ನಿಮ್ಮ ಕಂಪನಿಯವರು ಜಾಣರು ಕಣಯ್ಯ. ಶ್ಲೋಕದ ಬಾಲ ಮಾತ್ರ ಕತ್ತರಿಸಿಕೊಂಡಿದಾರೆ. ಯಾರ ಯೋಗಕ್ಷೇಮ ಹೊರ್ತೀನಿ ಅಂತ ಮೊದಲ ಭಾಗದಲ್ಲಿದೆ. ಬೇರೆ ಯಾವ ಯೋಚನೆಯೂ ಇಲ್ಲದೆ ಸದಾ ನನ್ನಲ್ಲೇ ನೆಲೆಸಿದವರದ್ದು ಅಂತ. ಅದು ಷರತ್ತು. ಷರತ್ತು ಬಿಟ್ಟು ಭರವಸೆ ಮಾತ್ರ ಅಚ್ಚು ಹಾಕಿಸಿದರೆ ಹೇಗೆ?”

ಅಪ್ಪ ಬಿಡುತ್ತಾರೆಯೇ? “ಷರತ್ತು ಪಾಲಿಸಿ ಹಿಂಭಾಗದಲ್ಲಿದೆ ಮೇಷ್ಟ್ರೇ, ಸಣ್ಣಕ್ಷರದಲ್ಲಿ.”

ಬೆಕ್ಕು ಕೋತಿಯ ವಿಷಯ ಕೇಳಿದ್ದೂ ಮೇಷ್ಟ್ರ ಜಗುಲಿಯಲ್ಲೇ. ಶ್ರೀವೈಷ್ಣವರಲ್ಲಿ ಶರಣಾಗತಿಯ ಬಗ್ಗೆ ಎರಡು ಪಕ್ಷ. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿ ಹಿಡಿದುಕೊಳ್ಳಬೇಕು. ಕೈ ಬಿಟ್ಟರೆ ನೆಲಕ್ಕೆ ಬಿತ್ತು. ದೇವರು ಹೊರುತ್ತಾನೆ ನಿಜ, ನಿನ್ನ ಹಿಡಿತವೂ ಬೇಕು ಅನ್ನುವವರು ವಡಗಲೆಯವರು. ಬೆಕ್ಕಿನ ಮರಿಗೆ ಆ ಕೆಲಸವೇ ಇಲ್ಲ, ತಾಯಿಯೇ ಕತ್ತು ಕಚ್ಚಿಕೊಂಡು ಒಯ್ಯುತ್ತದೆ. ಅದು ತೆಂಗಲೆಯವರ ಪಕ್ಷ. ಶರಣಾಗತಿಗೆ ಅವರ ಶಾಸ್ತ್ರದಲ್ಲಿ ‘ಭರನ್ಯಾಸ’ ಅಂತಲೂ ಹೆಸರಿದೆ, ಹೊರೆ ಇಳಿಸಿಡುವುದು ಅಂತ ಅರ್ಥ. ನಮ್ಮ ಗೌಡರು ‘ಬಾರ ಹಾಕಿವ್ನಿ’ ಅಂದದ್ದು ಅದನ್ನೇ.

ಆದರೆ ಆ ಮೇಲುಕೋಟೆಯಲ್ಲೇ ಇನ್ನೊಂದು ಸಂಗತಿ ಇದೆ. ವೈರಮುಡಿ ಉತ್ಸವದ ರಾತ್ರಿ ಚೆಲುವನಾರಾಯಣ ಸ್ವಾಮಿ ವಜ್ರದ ಕಿರೀಟ ಧರಿಸಿ ಗರುಡವಾಹನದ ಮೇಲೆ ಬರುತ್ತಾನೆ. ಕಿರೀಟವನ್ನು ತಂದುಕೊಟ್ಟವನು ಗರುಡನೇ ಎಂದು ಐತಿಹ್ಯ. ವರ್ಷವಿಡೀ ಅದು ಇರುವುದೆಲ್ಲಿ? ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಬೆಟ್ಟಕ್ಕೆ ಬರುತ್ತದೆ, ಮುಗಿದ ಮೇಲೆ ಹಾಗೇ ವಾಪಸ್ಸು. ಲೋಕದ ಯೋಗಕ್ಷೇಮ ಹೊರುವವನ ಕಿರೀಟಕ್ಕೂ ಬೀಗ, ಕಾವಲು. ಮೇಷ್ಟ್ರ ಹತ್ತಿರ ಅಪ್ಪ ಇದನ್ನು ಎಷ್ಟು ಸಲ ಹೇಳಿದರೋ! ಮೇಷ್ಟ್ರು ನಕ್ಕು ಇನ್ನೊಂದು ತುತ್ತು ಪುಳಿಯೋಗರೆ ಬಡಿಸುತ್ತಿದ್ದರು.

ಗುಲಾಬಿ ಕಾರ್ಡಿನ ನಂಬರಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ 4,800 ಡಾಲರಿನಿಂದ ಶುರು ಮಾಡಿದ. ನಾನು ಸುಮ್ಮನಿದ್ದಷ್ಟೂ ಇಳಿಸಿದ. ಕೊನೆಗೆ ಮೂರು ವರ್ಷಕ್ಕೆ 3,420, ಈವತ್ತೇ ಒಪ್ಪಿಕೊಂಡರೆ ಮಾತ್ರ. ದೇವರಾಜ ಮಾರುಕಟ್ಟೆಯಲ್ಲಿ ಸಂಜೆ ಏಳಕ್ಕೆ ಕೊತ್ತಂಬರಿ ಸೊಪ್ಪಿನ ಕಟ್ಟು ಇಳಿಯುವ ಹಾಗೆ. “ಬಂಪರಿನಿಂದ ಬಂಪರಿನವರೆಗೆ ಎಲ್ಲ ನಮ್ಮದು ಸರ್, ನೀವು ಚಿಂತೆ ಬಿಡಿ,” ಅಂದ. ಪೂರ್ತಿ ಬೆಕ್ಕು! ಕತ್ತು ಒಡ್ಡಿದರೆ ಸಾಕು.

ಕಾಂಟ್ರಾಕ್ಟ್ ಕಾಗದ ಕಳಿಸಿ, ಓದಿ ಹೇಳುತ್ತೇನೆ ಅಂದೆ. ಮೊದಲು ದುಡ್ಡು, ಆಮೇಲೆ ಕಾಗದ ಅಂದ. ಎರಡು ದಿನ ಜಗ್ಗಾಡಿ ಮಾದರಿ ಪ್ರತಿ ತರಿಸಿಕೊಂಡೆ. ಇಪ್ಪತ್ತಾರು ಪುಟ.

ಕಾಗದದ ಒಳಗೆ ಕೂತದ್ದು ಕೋತಿ. ಆಯಿಲ್ ಬದಲಿಸಿದ ಪ್ರತಿ ರಸೀದಿಯೂ ಇರಬೇಕು, ದಿನಾಂಕ ಮತ್ತು ಮೈಲಿ ಸಮೇತ. ಒಂದು ತಪ್ಪಿದರೂ ಎಂಜಿನ್ನಿಗೆ ಅವರು ಜವಾಬ್ದಾರರಲ್ಲ. ಮೊದಲ 30 ದಿನ, ಸಾವಿರ ಮೈಲಿ ಏನಾದರೂ ಲೆಕ್ಕಕ್ಕಿಲ್ಲ. ರಿಪೇರಿಗೆ ಮುಂಚೆ ಒಪ್ಪಿಗೆ ಪಡೆಯಬೇಕು. ಎಂಜಿನ್ ಬಿಚ್ಚಿ ನೋಡುವ ಕೂಲಿ ನಮ್ಮದು. ಬಿಚ್ಚಿದ ಮೇಲೆ ಕಾರಣ ಅವರ ಪಟ್ಟಿಯಲ್ಲಿದ್ದರೆ ಕೊಡುತ್ತಾರೆ. ಪಟ್ಟಿಯಲ್ಲಿಲ್ಲದ ಭಾಗ ಕೆಟ್ಟು ಅದರಿಂದ ಪಟ್ಟಿಯಲ್ಲಿರುವ ಭಾಗ ಹಾಳಾದರೆ? ಇಲ್ಲ. ಮೊದಲೇ ಇದ್ದ ದೋಷವಾದರೆ ಇಲ್ಲ. ಹದಿನೇಳನೇ ಪುಟದಲ್ಲಿ ಇನ್ನೊಂದು ಸಾಲು: ಸಹಜ ಸವೆತ ಸೇರಿಲ್ಲ. ನಾನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದೆ. 78,000 ಮೈಲಿಯ ಕಾರು ಇನ್ನು ಸವೆದೇ ಸಾಯಬೇಕು, ಬಾಲಗ್ರಹ ಬಂದು ಸಾಯುತ್ತದೆಯೇ? ಮಾರುವಾಗ ಬೆಕ್ಕು, ಕೊಡುವಾಗ ಕೋತಿ. ಶ್ರೀವೈಷ್ಣವರ ಎರಡೂ ಪಕ್ಷದಲ್ಲಿ ಇಂಥ ಪ್ರಾಣಿ ಇಲ್ಲ.

ಇನ್ನೊಂದು ಮಾತು. ಅಮೆರಿಕದ ಕಾನೂನು ಇದನ್ನು ವಾರಂಟಿ ಅಂತ ಕರೆಯುವುದೇ ಇಲ್ಲ. 1975ರ ಮ್ಯಾಗ್ನಸನ್–ಮಾಸ್ ಕಾಯ್ದೆಯ ಪ್ರಕಾರ ವಾರಂಟಿ ಅಂದರೆ ವಸ್ತುವಿನ ಬೆಲೆಯೊಳಗೇ ಬರುವ ಮಾತು. ಪ್ರತ್ಯೇಕ ದುಡ್ಡು ಕೊಟ್ಟು ಕೊಂಡದ್ದು ಸರ್ವಿಸ್ ಕಾಂಟ್ರಾಕ್ಟ್. ನನಗೆ ಈ ಭೇದ ಬಹಳ ದೊಡ್ಡದು. ಕುಂಬಾರ ತನ್ನ ಮಡಕೆಯನ್ನು ಬೆರಳಲ್ಲಿ ತಟ್ಟಿ, ಒಡೆದರೆ ತಗೊಂಡು ಬಾ ಅಂದರೆ ಅದು ತನ್ನ ಕೈಗೆಲಸದ ಬಗ್ಗೆ ಅವನೇ ಆಡುವ ಮಾತು. ಸಂತೆಯಲ್ಲಿ ನಿಂತ ಮೂರನೆಯವನು ಆ ಮಡಕೆಯ ಮೇಲೆ ಆಣೆ ಇಟ್ಟರೆ ಅವನಿಗೆ ಜೇಡಿಮಣ್ಣಿನ ಸಂಬಂಧ ಏನು?

ಆ ಶನಿವಾರ ಕಾಗದ ಹಿಡಿದುಕೊಂಡು ಸೌತ್‌ಎಂಡಿನ ಮೆಕ್ಯಾನಿಕ್ ಹತ್ತಿರ ಹೋದೆ. ಫೋರ್ಡಿನ ರೂಜ್ ಕಾರ್ಖಾನೆಯ ಚಿಮಣಿ ಕಾಣುವಷ್ಟು ಹತ್ತಿರ ಅವನ ಅಂಗಡಿ. ಯೆಮೆನ್‌ನಿಂದ ಹುಡುಗನಾಗಿದ್ದಾಗ ಬಂದವನು. ಅವನಪ್ಪ ಅದೇ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಏಲಕ್ಕಿ ಹಾಕಿ ಕುದಿಸಿದ ಹಾಲಿನ ಚಹಾ ಕೊಟ್ಟ. ಗೋಡೆಯ ಟಿವಿಯಲ್ಲಿ ಗಾಜಾ. ಕಾಯುತ್ತ ಕೂತಿದ್ದ ನಾಲ್ಕೈದು ಜನ ಏನೂ ಮಾತಾಡದೆ ಅದನ್ನೇ ನೋಡುತ್ತಿದ್ದರು. ಅದರ ಮುಂದೆ ಗೇರ್‌ಬಾಕ್ಸಿನ ಕ್ಷೇಮದ ಮಾತೆತ್ತಲು ನನಗೇ ನಾಚಿಕೆಯಾಯಿತು. ಅವನೇ ಕಾಗದ ಇಸಿದುಕೊಂಡ.

“ಇದು ನನಗಾಗಿದ್ದರೆ ಹರಾಮ್ ಬ್ರದರ್,” ಅಂದ. “ನಿಂಗೆ ಹೇಗೋ.”

ಅವರ ಶಾಸ್ತ್ರದಲ್ಲಿ ‘ಘರರ್’ ಅಂತ ಒಂದು ದೋಷ. ಏನು ಸಿಗುತ್ತದೆ, ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ್ದನ್ನು ಮಾರುವುದು, ಕೊಳ್ಳುವುದು. ನೀರಲ್ಲಿರುವ ಮೀನು, ಆಕಾಶದಲ್ಲಿರುವ ಹಕ್ಕಿ ಅದಕ್ಕೆ ಹಳೆಯ ಉದಾಹರಣೆ. ನಮ್ಮಲ್ಲಿ ನೀರಿನೊಳಗಿನ ಎಮ್ಮೆಗೆ ವ್ಯಾಪಾರ ಮಾಡುವುದು ಅನ್ನುತ್ತಾರೆ ಅಂದೆ. ಎಮ್ಮೆ ಅವನಿಗೆ ಹಿಡಿಸಿತು. 1985ರಲ್ಲಿ ಜೆಡ್ಡಾದಲ್ಲಿ ಸೇರಿದ್ದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ನಿಗದಿತ ಕಂತಿನ ವಾಣಿಜ್ಯ ವಿಮೆಯಲ್ಲಿ ಈ ದೋಷ ದೊಡ್ಡದಾಗಿದೆ, ಅದು ನಿಷಿದ್ಧ ಎಂದೇ ತೀರ್ಮಾನಿಸಿತು. ಆದರೆ ಎಲ್ಲರೂ ಸೇರಿ ಒಂದು ನಿಧಿಗೆ ದಾನದಂತೆ ಹಾಕಿ, ಕಷ್ಟ ಬಂದವನಿಗೆ ಅದರಿಂದ ಎತ್ತಿಕೊಡುವುದನ್ನು ಒಪ್ಪಿತು. ಅಂಥದಕ್ಕೆ ತಕಾಫುಲ್ ಎಂದು ಹೆಸರು. ಅಂಥ ಮೊದಲ ಕಂಪನಿ ಸುಡಾನಿನಲ್ಲಿ 1979ರಲ್ಲೇ ಶುರುವಾಗಿತ್ತು.

“ರಸ್ತೆಗಿಳಿಯೋ ಕಾರಿಗೆ ವಿಮೆ ಕಡ್ಡಾಯ, ನಾನೂ ಮಾಡಿಸಿದೀನಿ. ಅದು ನಿರ್ವಾಹ ಇಲ್ಲದೆ. ಇದು ಯಾರ ಬಲವಂತ?” ಅಂದ. ಒಂಟೆಯನ್ನು ಮೊದಲು ಕಟ್ಟಿಹಾಕು, ಆಮೇಲೆ ದೇವರನ್ನು ನಂಬು ಎಂಬ ಅವರ ಪ್ರಸಿದ್ಧ ಮಾತನ್ನು ಹೇಳಬಹುದು ಅಂತ ಕಾದೆ. ಹೇಳಲಿಲ್ಲ. ಕಾರನ್ನು ಲಿಫ್ಟಿಗೆ ಏರಿಸಿ, ಟಾರ್ಚ್ ಬಿಟ್ಟು ತಳ ತೋರಿಸಿದ. ಬ್ರೇಕಿನ ಪೈಪಿನ ಮೇಲೆ ತುಕ್ಕಿನ ಹುಣ್ಣು, ಉಗುರಿನಲ್ಲಿ ಕೆರೆದರೆ ಹೊಟ್ಟಿನ ಹಾಗೆ ಉದುರಿತು. “ನಿನ್ನ ಕಾರನ್ನ ತಿನ್ನೋದು ಇದು. ನಿನ್ನ ಇಪ್ಪತ್ತಾರು ಪುಟದಲ್ಲಿ ಇದಕ್ಕೆ ಜಾಗ ಇದೆಯಾ ನೋಡು.”

ಇರಲಿಲ್ಲ. ತುಕ್ಕು ಸೇರಿಲ್ಲ ಅಂತ ಸ್ಪಷ್ಟವಾಗಿಯೇ ಬರೆದಿತ್ತು. ಈ ಊರಿನ ವಿಚಿತ್ರ ನೋಡಿ: ಡೆಟ್ರಾಯ್ಟ್ ಡಿಯರ್‌ಬಾರ್ನ್‌ಗಳ ಕೆಳಗೆ ಸಾವಿರದ ನೂರಕ್ಕೂ ಹೆಚ್ಚು ಅಡಿ ಆಳದಲ್ಲಿ ಉಪ್ಪಿನ ಗಣಿ ಇದೆ. 1,500 ಎಕರೆ ಹರಡಿರುವ ಅದರೊಳಗೆ ಲಾರಿ ಓಡುವ ರಸ್ತೆಗಳಿವೆ. ಅಲ್ಲಿಂದ ಎತ್ತಿದ ಉಪ್ಪನ್ನು ಚಳಿಗಾಲದಲ್ಲಿ ಮಂಜು ಕರಗಿಸಲು ರಸ್ತೆಗೆ ಎರಚುತ್ತಾರೆ. ಮೇಲೆ ಕಾರು ಮಾಡುವ ಊರು, ಅದರ ಕಾಲಡಿಯಲ್ಲೇ ಕಾರನ್ನು ತಿನ್ನುವ ಉಪ್ಪು.

ಅವ್ವನಿಗೆ ಭಾನುವಾರ ಫೋನ್ ಮಾಡಿದಾಗ ವಾರಂಟಿ ವಿಷಯ ಹೇಳಿದೆ. “ಗ್ಯಾರಂಟಿಯಾ? ನಂಗೆ ಬಂತಪ್ಪ, ಎರಡು ಸಾವ್ರ,” ಅಂದಳು. ಕರ್ನಾಟಕ ಸರ್ಕಾರದ ‘ಗ್ಯಾರಂಟಿ’ಗಳಲ್ಲೊಂದಾದ ಗೃಹಲಕ್ಷ್ಮಿ ಶುರುವಾಗಿ ಎರಡು ತಿಂಗಳಾಗಿತ್ತಷ್ಟೇ, ಊರಲ್ಲಿ ಗ್ಯಾರಂಟಿ ಅಂದರೆ ಬೇರೆ ಅರ್ಥವೇ ಉಳಿದಿರಲಿಲ್ಲ. ವಾರಂಟಿ, ಗ್ಯಾರಂಟಿ ಎರಡೂ ಒಂದೇ ಬೇರಿನ ಪದ. ಅವ್ವ ತಪ್ಪೇನೂ ಹೇಳಲಿಲ್ಲ. ಬಿಡಿಸಿ ಹೇಳಿದ ಮೇಲೆ ಕೇಳಿದಳು: “ಅಲ್ಲ ಕಣ್ಲಾ, ಅಲ್ಲಿ ಮುಯ್ಯಿ ಇಲ್ವಾ?”

ನಾಟಿ ಕಾಲದಲ್ಲಿ ನಮ್ಮ ಗದ್ದೆಗೆ ಅವರು, ಅವರ ಗದ್ದೆಗೆ ನಾವು. ಮುಯ್ಯಾಳು. ಕೂಲಿಯೂ ಅಲ್ಲ, ದಾನವೂ ಅಲ್ಲ. ಈ ವರ್ಷ ಯಾರದು ಹೆಚ್ಚಾಯಿತು ಅಂತ ಎಲ್ಲರಿಗೂ ನೆನಪಿರುತ್ತದೆ, ಯಾರೂ ಬರೆದಿಡುವುದಿಲ್ಲ. ಮೆಕ್ಯಾನಿಕ್ ಹೇಳಿದ ತಕಾಫುಲ್ಲನ್ನು ಅವ್ವ ಒಂದು ಪದದಲ್ಲಿ ಹೇಳಿದಳು. ಅಪ್ಪನ ಎಲ್‌ಐಸಿಯೂ ಸ್ವಲ್ಪ ಮಟ್ಟಿಗೆ ಹಾಗೇ ಇತ್ತು: ಆ ಕಾಲದ ಕಾನೂನಿನಂತೆ ಲೆಕ್ಕ ಹಾಕಿ ಉಳಿದ ಹೆಚ್ಚುವರಿಯಲ್ಲಿ ನೂರಕ್ಕೆ 95 ಭಾಗ ಪಾಲಿಸಿದಾರರ ಬೋನಸ್ಸಿಗೇ ಹೋಗುತ್ತಿತ್ತು. ಗುಲಾಬಿ ಕಾರ್ಡಿನ ವ್ಯವಹಾರದಲ್ಲಿ ನನ್ನ ಕಾರು ಕೆಡದಿದ್ದರೆ ಆ ದುಡ್ಡು ಇನ್ನೊಬ್ಬ ಕಾರಿನವನಿಗೆ ಮುಯ್ಯಿಯಾಗಿ ಸೇರುವುದಿಲ್ಲ. ಬಹಳಷ್ಟು ಮಾರಿದವನ ಕಮಿಷನ್ನು.

ಹೊರುತ್ತೇನೆ ಅಂದವರೇ ಕುಸಿದ ಕಥೆಯೂ ಇದೆ. ಮಿಸ್ಸೂರಿಯಲ್ಲಿ ಇಂಥ ಕಾಂಟ್ರಾಕ್ಟುಗಳನ್ನು ಮಾರುವ ಯುಎಸ್ ಫಿಡೆಲಿಸ್ ಎಂಬ ದೊಡ್ಡ ಕಂಪನಿ ಇತ್ತು. ಲ್ಯಾಟಿನ್ ಭಾಷೆಯಲ್ಲಿ ಫಿಡೆಲಿಸ್ ಅಂದರೆ ನಂಬಿಗಸ್ತ. 2010ರಲ್ಲಿ ದಿವಾಳಿಯಾಯಿತು, ಕಟ್ಟಿದ ಅಣ್ಣತಮ್ಮಂದಿರು ಜೈಲಿಗೆ ಹೋದರು. ವಾರಂಟಿ ಹೆಸರಿನ ಮೋಸದ ಕರೆಗಳ ಒಂದೇ ಜಾಲ 2021ರಲ್ಲಿ ಮೂರು ತಿಂಗಳಲ್ಲಿ 500 ಕೋಟಿಗೂ ಹೆಚ್ಚು ಸಲ ಜನರ ಫೋನು ಬಾರಿಸಿತ್ತು. 2023ರ ಆಗಸ್ಟಿನಲ್ಲಿ ಅಮೆರಿಕದ ಸಂಪರ್ಕ ಆಯೋಗ ಅದಕ್ಕೆ ಸುಮಾರು 30 ಕೋಟಿ ಡಾಲರ್ ದಂಡ ಹಾಕಿತು. ಇವು ಖದೀಮರ ಮಾತು, ಬಿಡಿ. ನಾನು ಮರೆಯದ್ದು 2009ರ ಮಾರ್ಚ್ 30. ಜಿಎಂ, ಕ್ರೈಸ್ಲರ್ ಎರಡೂ ಮುಳುಗುವ ಹೊತ್ತು. ಕಂಪನಿಯೇ ಇಲ್ಲವಾದರೆ ವಾರಂಟಿ ಯಾರದು ಅಂತ ಜನ ಕಾರು ಕೊಳ್ಳುವುದನ್ನೇ ನಿಲ್ಲಿಸಿದ್ದರು. ಅಧ್ಯಕ್ಷ ಒಬಾಮ ಟಿವಿಯಲ್ಲಿ ಬಂದು, ನಿಮ್ಮ ಕಾರಿನ ವಾರಂಟಿಯ ಹಿಂದೆ ಇನ್ನು ಅಮೆರಿಕ ಸರ್ಕಾರವೇ ನಿಲ್ಲುತ್ತದೆ ಅಂದರು. ಆಫೀಸಿನ ಕ್ಯಾಂಟೀನಿನಲ್ಲಿ ನಿಂತು ನೋಡಿದೆ. ಅರ್ಧ ಜನಕ್ಕೆ ಅದಾಗಲೇ ಕೆಲಸ ಹೋಗಿತ್ತು. ದೀಪಕ್ಕೆ ಮರೆ ಹಿಡಿದ ಎರಡು ಕೈ ನೆನಪಾದವು.

ಇಷ್ಟಾದರೂ ಹೆಂಡತಿಯ ಪ್ರಶ್ನೆ ಹಾಗೇ ಉಳಿಯಿತು. ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯ 2013ರ ಸಮೀಕ್ಷೆಯಲ್ಲಿ ಇಂಥದ್ದನ್ನು ಕೊಂಡವರಲ್ಲಿ ನೂರಕ್ಕೆ 55 ಮಂದಿ ಒಮ್ಮೆಯೂ ಬಳಸಿರಲಿಲ್ಲ ಅಂತ ಅವಳಿಗೆ ತೋರಿಸಿದೆ. “ನಿಮ್ಮಪ್ಪ ಇದಕ್ಕೆ ಏನಂತಿದ್ರು?” ಅಂದಳು. ನನಗೆ ಗೊತ್ತಿತ್ತು. ಕಂತು ಕಟ್ಟಿದ್ದೆಲ್ಲ ದಂಡವಾಯಿತು ಅಂತ ಗೊಣಗಿದವರಿಗೆ ಅಪ್ಪ, “ಸಾಯದೇ ಇದ್ದದ್ದು ನಷ್ಟವಾ?” ಅನ್ನುತ್ತಿದ್ದರು. ಬಳಸಲಿಲ್ಲ ಅನ್ನುವುದರಿಂದ ವಿಮೆ ದಂಡ ಅಂತ ಆಗುವುದಿಲ್ಲ. ಆದರೆ ಅಪ್ಪ ಗೌಡರಿಗೆ ಮಾರಿದ್ದು ಸಾವಿಗೆ ವಿಮೆ. ಅವರ ಪಂಪ್‌ಸೆಟ್ಟಿಗೆ ಯಾವತ್ತೂ ಮಾರಲಿಲ್ಲ. ದುಡಿಯುವವನು ಹೋದರೆ ಮನೆ ಕುಸಿಯುತ್ತದೆ, ಪಂಪು ಹೋದರೆ ಒಂದು ಬೆಳೆಗೆ ತಾಪತ್ರಯ. ಡೇನಿಯಲ್ ಬರ್ನೂಲಿ 1738ರಲ್ಲಿ ಬರೆದದ್ದೂ ಇದನ್ನೇ ಸುತ್ತುತ್ತದೆ: ನೂರು ರೂಪಾಯಿಯ ತೂಕ ಎಲ್ಲರ ಜೇಬಿನಲ್ಲೂ ಒಂದಲ್ಲ. 2009ರಲ್ಲಾಗಿದ್ದರೆ ಐದು ಸಾವಿರದ ಗೇರ್‌ಬಾಕ್ಸ್ ನಮ್ಮನ್ನು ಮಲಗಿಸುತ್ತಿತ್ತು. ಆಗ ಕೇಳಿದ್ದರೆ ಹುಡುಕಿ, ಕಾರ್ಖಾನೆಯವರದೇ ಕಾಂಟ್ರಾಕ್ಟ್ ತೆಗೆದುಕೋ ಅನ್ನುತ್ತಿದ್ದೆ. ಈಗ ಅದು ಬರೀ ಹೊಟ್ಟೆಯುರಿ.

ಅವಳಿಗೆ ಬೇಕಿದ್ದದ್ದು ದುಡ್ಡೂ ಅಲ್ಲ ಅಂತ ನನಗೆ ತಡವಾಗಿ ಹೊಳೆಯಿತು. ನಟ್ಟಿರುಳಲ್ಲಿ ಫ್ರೀವೇ ಅಂಚಿನಲ್ಲಿ ಕಾರು ನಿಂತರೆ ಯಾರು ಬರುತ್ತಾರೆ ಅನ್ನುವುದು ಅವಳ ಪ್ರಶ್ನೆ. ಇಪ್ಪತ್ತಾರು ಪುಟದಲ್ಲಿ ಅದಕ್ಕೂ ಉತ್ತರವಿರಲಿಲ್ಲ. ಟೋ ಲಾರಿಗೆ ಬೇರೆ ಸದಸ್ಯತ್ವ ಸಿಗುತ್ತದೆ, ವರ್ಷಕ್ಕೆ ನೂರು ಚಿಲ್ಲರೆ ಡಾಲರ್, ಅದನ್ನು ಮಾಡಿಸಿದೆವು. ರಾತ್ರಿ ನನ್ನ ಫೋನು ದಿಂಬಿನ ಪಕ್ಕ, ಸದ್ದು ಆನ್. ಬ್ರೇಕಿನ ಪೈಪು ಅದೇ ವಾರ ಬದಲಾಯಿಸಿದೆ.

3,420ನ್ನು 36 ತಿಂಗಳಿಗೆ ಹಂಚಿದರೆ 95 ಡಾಲರ್. ನವೆಂಬರಿನಿಂದ ತಿಂಗಳಿಗೆ ಅಷ್ಟನ್ನು ಪ್ರತ್ಯೇಕ ಖಾತೆಗೆ ಹಾಕುತ್ತಿದ್ದೇವೆ. ಖಾತೆಗೆ ಅವಳು ಇಟ್ಟ ಹೆಸರು ‘ಮುಯ್ಯಿ’. ಗೇರ್‌ಬಾಕ್ಸ್ ಹೋದರೆ ಈ ಖಾತೆ ಸಾಲುವುದಿಲ್ಲ, ಆಗ ಅವಳ ಮುಂದೆ ತಲೆ ತಗ್ಗಿಸಿ ನಿಲ್ಲುತ್ತೇನೆ.

ಇದು 2025ರ ಜೂನ್. 20 ತಿಂಗಳಲ್ಲಿ 1,900 ಡಾಲರ್ ಹಾಕಿದ್ದೇವೆ. ಕಳೆದ ಚಳಿಗಾಲದಲ್ಲಿ ಆಲ್ಟರ್ನೇಟರ್ ಹೋಯಿತು, ಮೆಕ್ಯಾನಿಕ್ 740 ತೆಗೆದುಕೊಂಡ. ಉಳಿದಿರುವುದು 1,160. ಕಾರು 98,000 ಮೈಲಿ ಓಡಿದೆ, ನಿನ್ನೆ ರಾತ್ರಿಯೂ ಪಾಳಿಗೆ ಹೋಗಿ ಬಂತು.